ಶ್ರೀಲಂಕಾದಲ್ಲಿ ಹಳೇ ಗ್ರ್ಯಾಂಡ್ ಹೋಟೆಲ್: ಮಾವನವರಿಗೆ ಆಸೆ, ರಿವ್ಯೂ ಓದಿದರೆ ಭಯ

ಮೊಗಸಾಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಶ್ರೀಲಂಕಾಗೆ ಹೊರಟಿದ್ದೇವೆ. ನಾನು, ಯಜಮಾನರು, ನಮ್ಮ ಮಾವ. ಕೊಲಂಬೊದಲ್ಲಿ ಇಳಿದು ಕ್ಯಾಂಡಿ, ಅಲ್ಲಿಂದ ಕಾರು ಮಾಡಿಕೊಂಡು ಚಹಾ ತೋಟದ ಬೆಟ್ಟಗಳ ಕಡೆ, ಕೊನೆಗೆ ಗಾಲೆ.

ಸಮಸ್ಯೆ ಇರೋದು ಬೆಟ್ಟದ ಊರಿನಲ್ಲಿ. ಅಲ್ಲಿ ಬ್ರಿಟಿಷರ ಕಾಲದ ಒಂದು ದೊಡ್ಡ ಹೋಟೆಲ್ ಇದೆ. ಊರಿನ ಹೆಸರು ಹೇಳಿದರೆ ಯಾವುದು ಅಂತ ಗೊತ್ತಾಗಿಬಿಡುತ್ತೆ, ಅದಕ್ಕೆ ಬೇಡ. ಮಾವನವರಿಗೆ ಹಳೇ ಕಟ್ಟಡ ಅಂದರೆ ಪ್ರಾಣ. ಫೋಟೊದಲ್ಲಿ ಆ ಅಗಲವಾದ ಮರದ ಮೆಟ್ಟಿಲು ನೋಡಿದ್ದೇ ತಡ, ಉಳಿದರೆ ಅಲ್ಲೇ ಉಳಿಯಬೇಕು ಅಂತ ಹಟ ಹಿಡಿದಿದ್ದಾರೆ. ಯಜಮಾನರು ಕೂತು ರಿವ್ಯೂಗಳನ್ನೆಲ್ಲ ಓದಿದರು. ಬಿಸಿನೀರು ಬರಲಿಲ್ಲ, ರೂಮಲ್ಲಿ ಮುಗ್ಗಲು ವಾಸನೆ, ಮೇಲಿನವರು ನಡೆದರೆ ನಮ್ಮ ತಲೆ ಮೇಲೆ ನಡೆದ ಹಾಗೆ, ಲಿಫ್ಟ್ ಕೆಲಸ ಮಾಡೋದಿಲ್ಲ. ಅದರ ಕೆಳಗೇ ಇನ್ನೊಬ್ಬರು "ಜೀವನದಲ್ಲಿ ಮರೆಯೋಕಾಗಲ್ಲ, ಸ್ವರ್ಗ" ಅಂತ ಬರೆದಿದ್ದಾರೆ. ಯಾರನ್ನು ನಂಬೋದು?

ಅದೇ ದುಡ್ಡಿಗೆ ಆ ಊರಲ್ಲಿ ಹೊಸ ಹೋಟೆಲ್ ಸಿಗುತ್ತದೆ. ಎಲ್ಲವೂ ಹೊಳೆಯುತ್ತಿದೆ, ನೋಡಿದರೆ ಯಾವ ದೇಶದಲ್ಲಿದೆ ಅಂತಲೂ ಗೊತ್ತಾಗಲ್ಲ. ಮಾವನವರಿಗೆ ಮಂಡಿ ನೋವು ಇದೆ, ರಾತ್ರಿ ಒಂದೆರಡು ಸಲ ಏಳುತ್ತಾರೆ. ಇಂಥ ಹಳೇ ಹೋಟೆಲ್‌ನಲ್ಲಿ ಉಳಿದು ಬಂದವರು ಯಾರಾದರೂ ಇದ್ದರೆ ನಿಜ ಹೇಳಿ. ವಯಸ್ಸಾದವರಿಗೆ ಆಗುತ್ತಾ?

ಕಿಟಕಿಪಕ್ಕ:

ಆಗಲ್ಲ ಮೇಡಂ. ನೇರವಾಗಿ ಹೇಳ್ತೀನಿ.

ಹಳೇ ಹೋಟೆಲ್‌ನಲ್ಲಿ ಚೆನ್ನಾಗಿರೋದು ಹಾಲ್, ವರಾಂಡ, ತೋಟ, ಮೆಟ್ಟಿಲು. ಇವಕ್ಕೆ ರೂಮ್ ಬುಕ್ ಮಾಡಬೇಕಾಗಿಲ್ಲ. ಮಧ್ಯಾಹ್ನ ಹೋಗಿ, ಒಂದು ಟೀ ಹೇಳಿ, ಎರಡು ಗಂಟೆ ಕೂತುಕೊಳ್ಳಿ. ಕೊಲಂಬೊದ ಗಾಲೆ ಫೇಸ್ ಹೋಟೆಲ್‌ನಲ್ಲಿ ನಾವು ಮಾಡಿದ್ದು ಅದನ್ನೇ. 1864ರ ಹೋಟೆಲ್, ಎದುರಿಗೇ ಸಮುದ್ರ, ಸಂಜೆ ಬಾವುಟ ಇಳಿಸೋದನ್ನೂ ನೋಡಿದೆವು. ಮಲಗಿದ್ದು ಬೇರೆ ಕಡೆ, ಹೊಸ ಹಾಸಿಗೆ ಮೇಲೆ. ಬೆಳಗ್ಗೆ ಸೊಂಟ ಹಿಡಿದಿರಲಿಲ್ಲ.

ಮಾವನವರಿಗೆ ಮೆಟ್ಟಿಲು ನೋಡಬೇಕು ತಾನೇ? ತೋರಿಸಿ, ಫೋಟೊ ತೆಗೆಸಿ, ಕರೆದುಕೊಂಡು ಬನ್ನಿ.

ಹಳೇಬಾಯ್ಲರ್:

ಮೇಡಂ, ಸ್ವಲ್ಪ ಉದ್ದ ಆಗುತ್ತೆ, ಓದಿ. ನಾನು ಹೋಟೆಲ್ ಮೇಂಟೆನೆನ್ಸ್‌ನಲ್ಲೇ ದುಡಿದು ರಿಟೈರ್ ಆದವನು. ಬಾಯ್ಲರ್, ಪಂಪು, ಲಿಫ್ಟು, ತೇವ ಹಿಡಿದ ಗೋಡೆ, ಇದೇ ನನ್ನ ಪ್ರಪಂಚ. ಈಗ ಸುತ್ತಾಡುವಾಗಲೂ ಬೇಕು ಅಂತಲೇ ಇಂಥ ಹೋಟೆಲ್ ಹುಡುಕಿ ಉಳಿಯುತ್ತೇನೆ. ರೂಮಿಗೆ ಹೋದ ಕೂಡಲೇ ನಮ್ಮವಳು ಕಿಟಕಿ ತೆಗೆಯುತ್ತಾಳೆ, ನಾನು ಬಾತ್‌ರೂಮಿನ ಕೊಳಾಯಿ ತಿರುಗಿಸುತ್ತೇನೆ. ಶ್ರೀಲಂಕಾದ ಬೆಟ್ಟದ ಊರುಗಳಲ್ಲೂ ಉಳಿದಿದ್ದೇನೆ. ತೊಂದರೆ ಆದ ಕಡೆಯ ಹೆಸರು ಹೇಳುವುದಿಲ್ಲ. ಅಲ್ಲಿ ಕೆಲಸ ಮಾಡುವವರ ತಪ್ಪಲ್ಲ ಅದು.

ಮೊದಲು ನಿಮ್ಮ ರಿವ್ಯೂ ವಿಷಯ. ಸ್ವರ್ಗ ಅಂದವರೂ ನಿಜ ಹೇಳುತ್ತಿದ್ದಾರೆ, ಬೈದವರೂ ನಿಜ ಹೇಳುತ್ತಿದ್ದಾರೆ. ಅವರು ಉಳಿದದ್ದು ಬೇರೆ ಬೇರೆ ರೂಮಲ್ಲಿ, ಅಷ್ಟೆ. ಇಂಥ ಕಟ್ಟಡಗಳು ಒಂದೇ ಸಲಕ್ಕೆ ಹೋಟೆಲ್ ಅಂತ ಕಟ್ಟಿದ್ದಲ್ಲ. ನುವಾರ ಎಲಿಯದ ಗ್ರ್ಯಾಂಡ್ ಹೋಟೆಲ್ ಶುರುವಾಗಿದ್ದು ಎಡ್ವರ್ಡ್ ಬಾರ್ನ್ಸ್ ಅನ್ನೋ ಗವರ್ನರ್ ಮನೆಯಾಗಿ. ಕೊಲಂಬೊ ಬಂದರಿನ ಎದುರಿನ ಗ್ರ್ಯಾಂಡ್ ಓರಿಯಂಟಲ್ 1875ರಲ್ಲಿ ಹೋಟೆಲ್ ಆಗುವ ಮುಂಚೆ ಸಿಪಾಯಿಗಳ ಬ್ಯಾರಕ್. ಗಾಲೆ ಕೋಟೆಯ ಒಳಗಿನ ಹಳೇ ನ್ಯೂ ಓರಿಯಂಟಲ್ ಕಟ್ಟಡ ಡಚ್ಚರ ಕಾಲದ್ದು, 1684ರದ್ದು. ಅದು ಈಗ ಬೇರೆ ಹೆಸರಿನ ಭಾರೀ ದುಬಾರಿ ಹೋಟೆಲ್. ಇಂಥ ಕಡೆ ಮುಂದಿನ ಭಾಗ ಒಂದು ಕಾಲದ್ದು, ಪಕ್ಕದ ಸಾಲು ಇನ್ನೊಂದು ಕಾಲದ್ದು, ಹಿಂದಿನ ಬ್ಲಾಕ್ ಮೊನ್ನೆ ಮೊನ್ನೆ ಕಟ್ಟಿದ್ದು. ಬೋರ್ಡ್ ಒಂದೇ, ಒಳಗೆ ಮೂರು ಹೋಟೆಲ್. ಹಾಗಾಗಿ ಹೋಟೆಲ್ ಬುಕ್ ಮಾಡಬೇಡಿ, ರೂಮ್ ಬುಕ್ ಮಾಡಿ. ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಸುಮ್ನೆ ಕೂತರೆ ಮಿಕ್ಕಿದ್ದ ರೂಮ್ ನಿಮಗೆ ಬರುತ್ತದೆ. ಮೇಲ್ ಬರೆಯಿರಿ.

ಇನ್ನು ನಿಮ್ಮ ಮಾವನವರ ವಿಷಯ. ಎಲ್ಲರೂ ಲಿಫ್ಟ್, ಮೆಟ್ಟಿಲು ಅಂತ ಹೆದರುತ್ತಾರೆ. ನಾನು ಹೆದರೋದು ಬಾತ್‌ರೂಮಿನ ಬಾಗಿಲಿಗೆ. ಯಾಕೆ ಹೇಳ್ತೀನಿ ಕೇಳಿ.

ಆ ಕಾಲದಲ್ಲಿ ಪ್ರತಿ ರೂಮಿಗೂ ಬಾತ್‌ರೂಮ್ ಇರಲಿಲ್ಲ. ಆಳುಗಳು ಬಿಸಿನೀರು ಹೊತ್ತು ತರುತ್ತಿದ್ದರು. ಪೈಪು, ಕಮೋಡು ಎಲ್ಲ ಬಂದದ್ದು ಆಮೇಲೆ. ರೂಮಿನ ಒಂದು ಮೂಲೆ ಕತ್ತರಿಸಿಯೋ, ಬಟ್ಟೆ ಬದಲಿಸುವ ಕೋಣೆ ಒಡೆದೋ ಬಾತ್‌ರೂಮ್ ಮಾಡಿದರು. ಈಗ ನೀರು ಹೊರಗೆ ಹೋಗೋ ಪೈಪಿಗೆ ಇಳಿಜಾರು ಬೇಕು, ಪೈಪ್ ತಿರುಗೋ ಕಡೆ ಬೆಂಡು ಕೂರಿಸೋಕೆ ಜಾಗ ಬೇಕು. ಕೆಳಗೆ ಮರದ ತೊಲೆ, ಅದನ್ನು ಕೊರೆದರೆ ನೆಲ ಕೂರುತ್ತದೆ. ಏನು ಮಾಡೋದು? ಪೈಪನ್ನು ಹಳೇ ನೆಲದ ಮೇಲೇ ಹಾಯಿಸಿ, ಅದರ ಮೇಲೆ ಹೊಸ ನೆಲ ಎಬ್ಬಿಸಿದರು. ಹಾಗಾಗಿ ಬಾಗಿಲಲ್ಲೇ ಒಂದು ಮೆಟ್ಟಿಲು. ನಾವಿದ್ದ ರೂಮಲ್ಲಿ ಅದು ಒಂದು ಗೇಣಿಗೆ ಸ್ವಲ್ಪ ಕಮ್ಮಿ ಇತ್ತು. ಅಂಚಿಗೆ ಹಿತ್ತಾಳೆ ಪಟ್ಟಿ ಹೊಡೆದಿದ್ದರು. ಮಧ್ಯದಲ್ಲಿ ಅದು ಸವೆದು ಕನ್ನಡಿಯಾಗಿತ್ತು, ಒದ್ದೆ ಕಾಲಿಟ್ಟರೆ ಜಾರುತ್ತಿತ್ತು. ಹತ್ತುವಾಗ ಎಲ್ಲರಿಗೂ ನೆನಪಿರುತ್ತದೆ. ಇಳಿಯುವಾಗ, ಅದೂ ನಿದ್ದೆಗಣ್ಣಲ್ಲಿ, ನೆನಪಿರಲ್ಲ. ಕಟ್ಟಡದ ಇತಿಹಾಸ ಎಲ್ಲಾ ಚೆನ್ನಾಗಿ ವಿವರಿಸುವ ರಿಸೆಪ್ಷನ್‌ನವರು ಇದನ್ನೊಂದು ಹೇಳೋದಿಲ್ಲ.

ಅದಕ್ಕೆ ಮೇಲ್‌ನಲ್ಲಿ ಮೊದಲ ಪ್ರಶ್ನೆ ಇದೇ ಇರಲಿ: ಬಾತ್‌ರೂಮಿಗೆ ಹೋಗೋಕೆ ಮೆಟ್ಟಿಲು ಇದೆಯಾ, ಇಲ್ಲದ ರೂಮ್ ಕೊಡ್ತೀರಾ. ನೆಲಮಹಡಿಯಲ್ಲಿ ಸಾಮಾನ್ಯವಾಗಿ ಇರಲ್ಲ, ಅಲ್ಲಿ ನೆಲ ಅಗೆದು ಪೈಪ್ ಹೂಳಬಹುದು. ಮೆಟ್ಟಿಲು ಇರೋ ರೂಮೇ ಸಿಕ್ಕಿದರೆ ಬಾತ್‌ರೂಮ್ ದೀಪ ರಾತ್ರಿಯಿಡೀ ಹಾಕಿರಿ. ಬಿಳಿ ಟವೆಲ್ ಒಂದನ್ನು ಮಡಚಿ ಮೆಟ್ಟಿಲ ಕೆಳಗೆ ಹಾಕಬೇಡಿ, ಅದೂ ಜಾರುತ್ತೆ. ರಬ್ಬರ್ ಮ್ಯಾಟ್ ಕೇಳಿ.

ಬಿಸಿನೀರು. ಇದು ಬರಲ್ಲ ಅಂತ ಬರೆದವರಲ್ಲಿ ಅರ್ಧ ಜನ ಕಾಯಲಿಲ್ಲ ಅಂತ ನನ್ನ ಲೆಕ್ಕ. ಬಾಯ್ಲರ್ ಇರೋದು ಹಿತ್ತಲಿನಲ್ಲಿ, ನಿಮ್ಮ ರೂಮ್ ಇರೋದು ಆ ತುದಿಯಲ್ಲಿ. ಪೈಪಲ್ಲಿ ನಿಂತ ತಣ್ಣೀರು ಪೂರ್ತಿ ಹರಿದು ಹೋಗಬೇಕು, ಆಮೇಲೆ ಬಿಸಿ. ಜೊತೆಗೆ ಹಳೇ ಜಿಐ ಪೈಪ್ (ಸತು ಬಳಿದ ಕಬ್ಬಿಣದ್ದು) ಆದರೆ ಒಳಗೆಲ್ಲ ತುಕ್ಕು ಕಟ್ಟಿ ಕಿರಿದಾಗಿರುತ್ತದೆ. ಕಡ್ಡಿ ದಪ್ಪ ನೀರು ಬಂದರೆ ಅದಕ್ಕೇ. ಸಂಜೆ 6ರಿಂದ 8ರ ತನಕ ಸುತ್ತಾಡಿ ಬಂದವರೆಲ್ಲ ಒಟ್ಟಿಗೆ ಸ್ನಾನಕ್ಕೆ ಇಳಿಯುತ್ತಾರೆ, ಆಗ ತುದಿಯ ರೂಮಿಗೆ ಬರೋದು ಉಗುರು ಬೆಚ್ಚಗಿನ ನೀರೇ. ನೀವು ಮಧ್ಯಾಹ್ನ 4ಕ್ಕೆ ಮುಗಿಸಿಕೊಳ್ಳಿ. ಅಥವಾ ಬಾತ್‌ರೂಮಲ್ಲೇ ಗೀಸರ್ ಇರೋ ರೂಮ್ ಕೇಳಿ. ನಮಗೆ ಒಂದು ಸಂಜೆ ಬಿಸಿನೀರು ಬರಲೇ ಇಲ್ಲ. ಫೋನ್ ಮಾಡಿದ್ದಕ್ಕೆ ವಯಸ್ಸಾದ ರೂಮ್ ಬಾಯ್ ಒಬ್ಬರು ಅಡುಗೆಮನೆಯಿಂದ ಬಕೆಟ್‌ನಲ್ಲಿ ಕುದಿನೀರು ತಂದುಕೊಟ್ಟರು. ಅವರ ವಯಸ್ಸಿಗೆ ಅದನ್ನು ಹೊರಬಾರದಿತ್ತು. ನಾನೇ ಹೋಗಿ ಅರ್ಧ ದಾರಿಯಲ್ಲಿ ಇಸಕೊಂಡೆ.

ಲಿಫ್ಟ್ ವಿಷಯ ಕೇಳಿದರೆ ನನಗೆ ನಗು ಬರುತ್ತದೆ. ಕಬ್ಬಿಣದ ಮಡಚೋ ಗೇಟ್ ಇರುವ ಲಿಫ್ಟ್ ಅದು. ಯಾರಾದರೂ ಮೂರನೇ ಮಹಡಿಯಲ್ಲಿ ಇಳಿದು ಗೇಟ್ ಸರಿಯಾಗಿ ಎಳೆಯದೆ ಹೋದರೆ, ನೀವು ಕೆಳಗೆ ಎಷ್ಟು ಬಟನ್ ಒತ್ತಿದರೂ ಬರಲ್ಲ. ಅದು ಕೆಟ್ಟಿರೋದಲ್ಲ. ಗೇಟ್ ತೆರೆದಿರುವಾಗ ಓಡಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ನಾವಿದ್ದ ಕಡೆ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ನೋಡಿ "ಗೇಟ್!" ಅಂತ ಕೂಗೋದೇ ಪದ್ಧತಿ. ಮೇಲೆ ಎಲ್ಲೋ ಝಣ್ ಅಂತ ಸದ್ದಾಗುತ್ತಿತ್ತು, ಲಿಫ್ಟ್ ಇಳಿದು ಬರುತ್ತಿತ್ತು. ಹೊರಗಿನ ಗೇಟ್, ಒಳಗಿನ ಗೇಟ್ ಎರಡನ್ನೂ ಹಾಕಬೇಕು. ಬೆರಳು ಹುಷಾರು. ಕರೆಂಟ್ ಹೋದರೆ ಮಧ್ಯದಲ್ಲೇ ನಿಲ್ಲುತ್ತದೆ, ಹೊಸ ಲಿಫ್ಟ್ ಥರ ತಾನೇ ಹತ್ತಿರದ ಮಹಡಿಗೆ ಬಂದು ಬಾಗಿಲು ತೆಗೆಯಲ್ಲ. ಯಾರಾದರೂ ಮೇಲಿನ ಮೆಷಿನ್ ರೂಮಿಗೆ ಹೋಗಿ ಕೈಯಲ್ಲಿ ತಿರುಗಿಸಿ ಇಳಿಸಬೇಕು. ಒಳಗಿದ್ದವರು ಗೇಟ್ ತೆಗೆದು ಹಾರೋ ಪ್ರಯತ್ನ ಮಾತ್ರ ಮಾಡಬಾರದು. ಮಾವನವರಿಗೆ ನೆಲಮಹಡಿ ತೆಗೆದುಕೊಂಡರೆ ಈ ರಗಳೆಯೇ ಇಲ್ಲ.

ಮುಗ್ಗಲು ವಾಸನೆ. ಹಳೇ ಗೋಡೆ ಸುಣ್ಣದ ಗಾರೆಯದ್ದು, ಅದು ತೇವ ಎಳೆದುಕೊಂಡು ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಬೆಟ್ಟದ ಮಂಜಿನ ಊರಲ್ಲಿ ಇದು ಇನ್ನೂ ಜಾಸ್ತಿ. ಮಂಡಿ ಎತ್ತರದಲ್ಲಿ ಪೇಂಟ್ ಗುಳ್ಳೆ ಎದ್ದಿದ್ದರೆ ನೆಲದಿಂದ ತೇವ ಏರುತ್ತಿದೆ ಅಂತ. ಸೀಲಿಂಗ್ ಮೂಲೆಯಲ್ಲಿ ಹಳದಿ ಕಲೆ ಇದ್ದು ಮುಟ್ಟಿದರೆ ಒಣಗಿದ್ದರೆ ಅದು ಎಂದೋ ಸೋರಿದ್ದು, ತಲೆ ಕೆಡಿಸಿಕೊಳ್ಳಬೇಡಿ. ಒದ್ದೆ ಇದ್ದರೆ ಚೀಲ ಬಿಚ್ಚೋ ಮುಂಚೆ ರೂಮ್ ಬದಲಿಸಿ. ನಾನು ಗೋಡೆಗಿಂತ ದಿಂಬು ಮೂಸುತ್ತೇನೆ. ದಿಂಬು, ಬೀರು ಎರಡೂ ವಾಸನೆ ಇಲ್ಲದಿದ್ದರೆ ಆ ರೂಮಲ್ಲಿ ದಿನಾ ಯಾರೋ ಕಿಟಕಿ ತೆಗೆದು ಹಾಕುತ್ತಿದ್ದಾರೆ ಅಂತ ಅರ್ಥ. ಬೆಳಗ್ಗೆಯಿಂದಲೇ ಕಿಟಕಿ ತೆರೆದಿಡಿ ಅಂತ ಮೊದಲೇ ಹೇಳಿದರೆ ಮಾಡುತ್ತಾರೆ.

ಫೆಬ್ರವರಿ ಅಂದಿರಿ. ನುವಾರ ಎಲಿಯ ಕಡೆ ಆದರೆ 1,868 ಮೀಟರ್ ಎತ್ತರ, ರಾತ್ರಿ 10 ಡಿಗ್ರಿ ಕೆಳಗೆ ಇಳಿಯೋದುಂಟು. ಆ ಕಡೆಯ ಹಳೇ ಹೋಟೆಲ್‌ಗಳಲ್ಲಿ ಸಂಜೆ ಹಾಸಿಗೆ ಒಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟು ಹೋಗುವ ಪದ್ಧತಿ ಇದೆ. ಮಾವನವರ ಮಂಡಿಗೆ ಅದು ಯಾವ ಹೀಟರ್‌ಗಿಂತಲೂ ಚೆನ್ನ. ರೂಮಲ್ಲಿ ಬೆಂಕಿಗೂಡು ಇದ್ದು ಸೌದೆ ಹಾಕಿಕೊಟ್ಟರೆ ಮಾತ್ರ ಒಂದು ಮಾತು: ಕೆಂಡ ಇರೋ ತನಕ ಕಿಟಕಿಯನ್ನು ಪೂರ್ತಿ ಮುಚ್ಚಬೇಡಿ. ಹಳೇ ಚಿಮಣಿ ಕಟ್ಟಿಕೊಂಡಿದ್ದರೆ ಹೊಗೆ ಕಾಣದೇ ಇದ್ದರೂ ಕಾರ್ಬನ್ ಮಾನಾಕ್ಸೈಡ್ ರೂಮಲ್ಲೇ ಉಳಿಯುತ್ತದೆ. ಅದಕ್ಕೆ ವಾಸನೆ ಇಲ್ಲ. ಮಲಗೋ ಮುಂಚೆ ಆರಿಸಿಬಿಡಿ.

ಇಷ್ಟೆಲ್ಲ ಹೇಳಿ ಹೆದರಿಸಿದೆ ಅನ್ನಬೇಡಿ. ನಾನಾದರೆ ಹೋಗುತ್ತೇನೆ. ಕಿಟಕಿಪಕ್ಕ ಅವರು ಹೇಳಿದ ಹಾಗೆ ಟೀ ಕುಡಿದು ಬರಬಹುದು ನಿಜ. ಆದರೆ ಟೀ ಹೊತ್ತಿನಲ್ಲಿ ಹಾಲ್ ತುಂಬ ನಿಮ್ಮಂಥವರೇ. ಹೋಟೆಲ್ ತನ್ನ ಪಾಡಿಗೆ ಇರೋದು ಬೆಳಗ್ಗೆ 6ಕ್ಕೆ. ಆಗ ಒಬ್ಬ ಕೆಲಸದವನು ಮೆಟ್ಟಿಲ ಮೇಲೆ ಕೂತು, ಕಾರ್ಪೆಟ್ ಹಿಡಿದಿಟ್ಟ ಹಿತ್ತಾಳೆ ಸರಳುಗಳನ್ನು ಒಂದೊಂದಾಗಿ ಉಜ್ಜುತ್ತಾ ಕೆಳಗಿಳಿಯುತ್ತಾ ಇರುತ್ತಾನೆ. ಅಂದಹಾಗೆ, ಹೋಟೆಲ್ ಮಾಸಿದೆಯೋ ಹಾಳಾಗಿದೆಯೋ ಅಂತ ತಿಳಿಯೋಕೆ ನಾನು ನೋಡೋದು ಆ ಸರಳುಗಳನ್ನೇ. ಕಾರ್ಪೆಟ್ ಹರಿದಿದ್ದರೆ ದುಡ್ಡಿಲ್ಲ ಅಂತ, ಅಷ್ಟೆ. ಸರಳು ಕಪ್ಪಾಗಿದ್ದರೆ ಹೇಳೋರು ಕೇಳೋರು ಇಲ್ಲ ಅಂತ. ಎರಡನೆಯದು ಕಂಡರೆ ಮಾತ್ರ ವಾಪಸ್ ಬನ್ನಿ.

ಬಂದರುಗಾಳಿ:

ಮೇಲಿನ ಉತ್ತರಕ್ಕೆ ಒಂದಿಷ್ಟು ಸೇರಿಸ್ತೀನಿ. ನಾನು ಕೆಲಸದ ಮೇಲೆ ಕೊಲಂಬೊದಲ್ಲಿ ಇದ್ದವನು.

ಮೊದಲು ದುಡ್ಡು. ಅಲ್ಲಿ ಹೋಟೆಲ್ ರೇಟ್ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಅದು ಪೂರ್ತಿ ರೇಟ್ ಅಲ್ಲ. 10% ಸರ್ವಿಸ್ ಚಾರ್ಜ್ ಮತ್ತು ವ್ಯಾಟ್ ಬೇರೆ. ವ್ಯಾಟ್ 2024ರ ಜನವರಿಯಿಂದ 18%. ಅಂದರೆ ಶ್ರೀಲಂಕಾ ರೂಪಾಯಿ 30,000 ಅಂತ ಕಂಡಿದ್ದು ಕೊನೆಗೆ 38,000 ದಾಟುತ್ತದೆ. ಊಟದ ಬಿಲ್ಲಿಗೂ ಇದೇ ಕಥೆ. ಎಲ್ಲ ಸೇರಿ ಎಷ್ಟು ಅಂತಲೇ ಮೇಲ್‌ನಲ್ಲಿ ಕೇಳಿ.

ಎರಡನೆಯದು ಪೋಯ. ಪ್ರತಿ ಹುಣ್ಣಿಮೆ ಅಲ್ಲಿ ಸರ್ಕಾರಿ ರಜೆ, ಅವತ್ತು ಮದ್ಯ ಮಾರುವುದಿಲ್ಲ. ಹೋಟೆಲ್ ಬಾರ್ ಕೂಡ ಬಂದ್. ನಿಮ್ಮ ಯಜಮಾನರಿಗೆ ಆ ಹಳೇ ಮರದ ಬಾರ್‌ನಲ್ಲಿ ಕೂರುವ ಆಸೆ ಇದ್ದರೆ ಕ್ಯಾಲೆಂಡರ್ ನೋಡಿ ಬುಕ್ ಮಾಡಿ. ಆದರೆ ಫೆಬ್ರವರಿ ಹುಣ್ಣಿಮೆ ಹೊತ್ತಿಗೆ ಕೊಲಂಬೊದಲ್ಲಿದ್ದರೆ ಗಂಗಾರಾಮಯ ಬೌದ್ಧ ದೇವಸ್ಥಾನದ ನವಂ ಪೆರಹೆರ ಮೆರವಣಿಗೆ ನೋಡಬಹುದು. ಆನೆ, ಡೋಲು, ಬೆಂಕಿ ಕುಣಿತ ಎಲ್ಲಾ ಇರುತ್ತದೆ.

ಮೂರನೆಯದು, ಈ ಹೋಟೆಲ್‌ಗಳು ಯಾಕೆ ಹೀಗಾದವು ಅಂತ. ಮಾವನವರಿಗೆ ಇಷ್ಟ ಆಗಬಹುದು. ಕರಾವಳಿಯವು ಹಡಗಿನ ಪ್ರಯಾಣಿಕರನ್ನು ನಂಬಿದ್ದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಪೂರ್ವಕ್ಕೆ ಹೋಗೋ ಹಡಗೆಲ್ಲ ಸಿಲೋನ್ ಮೇಲೆ. 1875ರಲ್ಲಿ ಕೊಲಂಬೊದಲ್ಲಿ ಅಲೆತಡೆ ಗೋಡೆ ಕಟ್ಟೋಕೆ ಶುರು ಮಾಡಿದರು. ಅದು ಎದ್ದ ಮೇಲೆ ಹಡಗುಗಳು ಗಾಲೆ ಬಿಟ್ಟು ಕೊಲಂಬೊಗೆ ಬಂದವು, ಗಾಲೆಯ ಹೋಟೆಲ್ ಅಲ್ಲಿಗೇ ಮಲಗಿತು. ಗ್ರ್ಯಾಂಡ್ ಓರಿಯಂಟಲ್‌ನಲ್ಲಿ 1890ರಲ್ಲಿ ರಷ್ಯಾದ ಲೇಖಕ ಚೆಕಾಫ್ ಉಳಿದಿದ್ದ, ಹಡಗಿನಲ್ಲಿ ವಾಪಸ್ ಹೋಗುವ ದಾರಿಯಲ್ಲಿ. ವಿಮಾನ ಬಂತು, ಅವೂ ಖಾಲಿ.

ಬೆಟ್ಟದವು ತೋಟದ ದೊರೆಗಳನ್ನು ನಂಬಿದ್ದವು. ಮೊದಲು ಅಲ್ಲಿ ಕಾಫಿ ಇತ್ತು. 1869ರಿಂದ ಎಲೆ ತುಕ್ಕು ರೋಗ ಬಿದ್ದು ತೋಟವೆಲ್ಲ ಹಾಳಾಯಿತು, ಚಹಾ ಬಂತು. ನುವಾರ ಎಲಿಯದ ಹಿಲ್ ಕ್ಲಬ್ 1876ರದ್ದು, ಬಂಡಾರವೇಲ ಹೋಟೆಲ್ 1893ರದ್ದು, ಎಲ್ಲಾ ಆ ದೊರೆಗಳು ಸಂಜೆ ಕೂರೋಕೆ. 1972 ಮತ್ತು 1975ರ ಭೂಸುಧಾರಣೆಯಲ್ಲಿ ದೊಡ್ಡ ತೋಟಗಳು ಸರ್ಕಾರಕ್ಕೆ ಹೋದವು. ದೊರೆಗಳು ಊರು ಬಿಟ್ಟರು. 1983ರಿಂದ 2009ರ ತನಕ ಯುದ್ಧ. ಪ್ರವಾಸಿಗರು ಬರೋಕೆ ಶುರುವಾದರು ಅನ್ನೋ ಹೊತ್ತಿಗೆ 2019ರ ಈಸ್ಟರ್ ಬಾಂಬ್, ಆಮೇಲೆ ಕೋವಿಡ್, 2022ರಲ್ಲಿ ಪೆಟ್ರೋಲೂ ಇಲ್ಲ ಕರೆಂಟೂ ಇಲ್ಲ. ಇದರ ಮಧ್ಯೆ ಪೈಪ್ ಬದಲಿಸೋಕೆ ಯಾರು ದುಡ್ಡು ಹಾಕ್ತಾರೆ? ಹಾಕಿದರೂ ಲಾಬಿಗೆ ಹಾಕ್ತಾರೆ. ಗೋಡೆ ಒಳಗಿನ ಪೈಪ್ ಫೋಟೊದಲ್ಲಿ ಕಾಣಲ್ಲವಲ್ಲ.

ಜನ ಮಾತ್ರ ಉಳಿದುಕೊಂಡರು. ಗಾಲೆ ಫೇಸ್‌ನ ಬಾಗಿಲಲ್ಲಿ ದೊಡ್ಡ ಬಿಳಿ ಮೀಸೆಯ ಚಾತುಕುಟ್ಟನ್ ನಿಂತಿರುತ್ತಿದ್ದರು. ಕೇರಳದಿಂದ ಬಂದು 1942ರಲ್ಲಿ ಕೆಲಸಕ್ಕೆ ಸೇರಿದವರು. 2014ರಲ್ಲಿ ತೀರಿಕೊಂಡಾಗ 94 ವರ್ಷ. ಎಷ್ಟೋ ಜನ ಹೋಟೆಲ್‌ಗಿಂತ ಅವರ ಜೊತೆ ಫೋಟೊ ತೆಗೆಸಿಕೊಳ್ಳೋಕೆ ಹೋಗುತ್ತಿದ್ದರು.

ಮೊಗಸಾಲೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಹಳೇಬಾಯ್ಲರ್ ಸರ್, ನಿಮ್ಮ ಉತ್ತರವನ್ನು ಮಾವನವರಿಗೆ ಓದಿ ಹೇಳಿದೆ. ಬಾತ್‌ರೂಮ್ ಮೆಟ್ಟಿಲಿನ ಭಾಗವನ್ನು ಎರಡು ಸಲ ಓದಿಸಿದರು. ಹೆದರಿ ಅಲ್ಲ, ಪೈಪ್ ಯಾಕೆ ಮೇಲೆ ಹಾಕಿದರು ಅನ್ನೋದು ಖುಷಿ ಆಯ್ತಂತೆ.

ಯಜಮಾನರ ಪ್ರಶ್ನೆಗಳು ಬೇರೆ. ಲ್ಯಾಪ್‌ಟಾಪ್ ಚಾರ್ಜ್ ಮಾಡೋಕೆ ಯಾವ ಪಿನ್ ಬೇಕು? ರಾತ್ರಿ ಊಟಕ್ಕೆ ಕೋಟು ಹಾಕಬೇಕಾ? ಮತ್ತು ಮೇಲಿನವರ ಹೆಜ್ಜೆ ಸದ್ದಿಗೆ ಏನಾದರೂ ಉಪಾಯ ಇದೆಯಾ? ನೆಲಮಹಡಿ ತೆಗೆದುಕೊಂಡರೆ ತಲೆ ಮೇಲೆ ಯಾರೋ ಇದ್ದೇ ಇರುತ್ತಾರಲ್ಲ.

ಹಳೇಬಾಯ್ಲರ್:

ಮಾವನವರು ನಮ್ಮ ಜಾತಿ ಅಂತ ಗೊತ್ತಾಯ್ತು. ಅವರಿಗೆ ಹೇಳಿ, ಅಲ್ಲಿನ ಮೇಂಟೆನೆನ್ಸ್ ಸೂಪರ್‌ವೈಸರ್‌ನ ಪರಿಚಯ ಮಾಡಿಕೊಂಡರೆ ಬಾಯ್ಲರ್ ರೂಮ್ ತೋರಿಸುತ್ತಾನೆ. ನನಗೆ ಯಾರೂ ಇಲ್ಲ ಅಂದಿಲ್ಲ. ಯಾರೂ ಕೇಳದ ವಿಷಯ ಕೇಳಿದರೆ ಅವರಿಗೂ ಖುಷಿ.

ಪಿನ್: ಹೊಸ ಸಾಕೆಟ್‌ಗಳು ಇಂಗ್ಲೆಂಡಿನ ಥರ ಮೂರು ಚೌಕ ಪಿನ್. ಹಳೇ ರೂಮುಗಳಲ್ಲಿ ಮೂರು ಗುಂಡು ಪಿನ್‌ನದು ಇನ್ನೂ ಉಳಿದಿರುತ್ತದೆ. 230 ವೋಲ್ಟ್. ಎರಡೂ ಕಡೆ ಕೂರುವ ಅಡಾಪ್ಟರ್ ಒಂದು ಇಟ್ಟುಕೊಳ್ಳಿ. ಇಡೀ ರೂಮಿಗೆ ಒಂದೇ ಸಾಕೆಟ್, ಅದೂ ಬೀರು ಹಿಂದೆ ಇದ್ದರೆ ಆಶ್ಚರ್ಯ ಬೇಡ. ಅಲ್ಲಿಂದ ಎಕ್ಸ್‌ಟೆನ್ಶನ್ ಎಳೆದು ಕೆಟಲ್, ಇಸ್ತ್ರಿ ಪೆಟ್ಟಿಗೆ, ಹೀಟರ್ ಮೂರನ್ನೂ ಒಟ್ಟಿಗೆ ಹಾಕಬೇಡಿ. ಫ್ಯೂಸ್ ಹೋಗೋದು ಇರಲಿ, ಗೋಡೆ ಒಳಗಿನ ವೈರ್ ಎಷ್ಟು ಹಳೇದು ಅಂತ ಯಾರಿಗೆ ಗೊತ್ತು.

ಹೆಜ್ಜೆ ಸದ್ದು: ಹಲಗೆ ನೆಲ, ಅದಕ್ಕೆ ಔಷಧಿ ಇಲ್ಲ. ಮೇಲಿನ ಮಹಡಿ ಕೇಳಿದರೆ ತಲೆ ಮೇಲೆ ಯಾರೂ ಇರಲ್ಲ, ಆದರೆ ಮಾವನವರಿಗೆ ಮೆಟ್ಟಿಲು. ನೆಲಮಹಡಿಯ ಮೂಲೆ ರೂಮ್ ಕೇಳಿ, ಮೇಲೆ ಒಂದೇ ರೂಮ್ ಇರುತ್ತದೆ. ಅಥವಾ ವರಾಂಡದ ಕೆಳಗೆ ಬರುವ ರೂಮ್. ಕಾರಿಡಾರ್ ಕೆಳಗಿನದು ಮಾತ್ರ ಬೇಡ, ಬೆಳಗಿನ ಜಾವ ಟ್ರಾಲಿ ಓಡುತ್ತದೆ. ಮರದ ಕಟ್ಟಡ ಆದ್ದರಿಂದ ಇನ್ನೊಂದು ಕೆಲಸ ಮಾಡಿ. ಹೋದ ಸಂಜೆಯೇ ಹಿಂದಿನ ಮೆಟ್ಟಿಲು, ಹೊರಗಿನ ಬಾಗಿಲು ಎಲ್ಲಿದೆ ಅಂತ ಒಮ್ಮೆ ನಡೆದು ನೋಡಿ, ಬಾಗಿಲಿಗೆ ಬೀಗ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ರಿವ್ಯೂ ಬರೆಯೋರು ಯಾರೂ ಇದನ್ನು ನೋಡಿರಲ್ಲ.

ಕೋಟು ವಿಷಯ ನನಗಿಂತ ಬಂದರುಗಾಳಿ ಅವರಿಗೆ ಚೆನ್ನಾಗಿ ಗೊತ್ತಿರಬೇಕು. ನಾನು ಊಟಕ್ಕೆ ಸ್ವೆಟರ್ ಹಾಕಿಕೊಂಡೇ ಹೋಗಿದ್ದೆ.

ಬಂದರುಗಾಳಿ:

ಸಂಜೆ ಊಟದ ಹಾಲ್‌ಗೆ ಕೋಟು ಟೈ ಅಂತ ಹಟ ಹಿಡಿಯೋದಕ್ಕೆ ಹೆಸರಾಗಿರೋದು ಹಿಲ್ ಕ್ಲಬ್. ಅಲ್ಲಿ ಬರಿಗೈಲಿ ಹೋದವರಿಗೆ ಕೊಡೋಕೆ ಒಂದಷ್ಟು ಕೋಟುಗಳನ್ನು ಇಟ್ಟಿರುತ್ತಾರೆ, ಅಳತೆ ನಿಮ್ಮ ಅದೃಷ್ಟ. ಬೇರೆ ಕಡೆ ಪ್ಯಾಂಟು, ಕಾಲರ್ ಇರೋ ಶರ್ಟು, ಬೂಟು ಇದ್ದರೆ ಸಾಕು. ಚಡ್ಡಿ, ಚಪ್ಪಲಿ ಬೇಡ.

ಕಿಟಕಿಪಕ್ಕ:

ಬಿಸಿನೀರಿಗೆ ಕಾಯಬೇಕು, ಲಿಫ್ಟಿಗೆ ಕೂಗಬೇಕು, ದಿಂಬು ಮೂಸಬೇಕು, ಊಟಕ್ಕೆ ಯಾರದೋ ಕೋಟು ಹಾಕಬೇಕು. ಇದಕ್ಕೆ 38,000 ಬೇರೆ! ನಾನು ಟೀಗೇ ಇರ್ತೀನಪ್ಪ.

ಹಳೇಬಾಯ್ಲರ್:

ಇರಿ ಸರ್, ತಪ್ಪೇನಿಲ್ಲ. ಟೀ ದುಡ್ಡಲ್ಲೇ ಆ ಹಿತ್ತಾಳೆ ಸರಳಿಗೆ ಪಾಲಿಶ್ ಬರೋದು.

ಮೊಗಸಾಲೆ:

ಅಪ್‌ಡೇಟ್. ನೀವು ಹೇಳಿದ ಹಾಗೇ ಮೇಲ್ ಬರೆದೆ. ಎರಡು ದಿನಕ್ಕೆ ಉತ್ತರ ಬಂತು, ತುಂಬಾ ಮರ್ಯಾದೆಯಿಂದ ಬರೆದಿದ್ದಾರೆ. ಹಳೇ ಬ್ಲಾಕ್‌ನಲ್ಲೇ ನೆಲಮಹಡಿಯ ಮೂಲೆ ರೂಮ್ ಕೊಡುತ್ತಾರಂತೆ. ಬಾತ್‌ರೂಮಿಗೆ ಮೆಟ್ಟಿಲಿಲ್ಲ, ಒಳಗೇ ಗೀಸರ್ ಇದೆ. ನಮಗೆ ಅದರ ಪಕ್ಕದ್ದು. ಎಲ್ಲ ಸೇರಿ ರೇಟ್ ಎಷ್ಟು ಅಂತಲೂ ಬರೆದಿದ್ದಾರೆ. ಯಜಮಾನರು ಎರಡು ರಾತ್ರಿಗೆ ಒಪ್ಪಲಿಲ್ಲ, ಒಂದು ರಾತ್ರಿ ಇಲ್ಲಿ, ಒಂದು ರಾತ್ರಿ ಹೊಸ ಹೋಟೆಲ್‌ನಲ್ಲಿ ಅಂತ ರಾಜಿ ಆಯ್ತು. ಮಾವನವರು ಮೊದಲನೇ ರಾತ್ರಿ ಹಳೇದರಲ್ಲೇ ಆಗಬೇಕು ಅಂದರು, ಅಕಸ್ಮಾತ್ ಇಷ್ಟವಾದರೆ ಎರಡನೆಯದನ್ನು ಕ್ಯಾನ್ಸಲ್ ಮಾಡಿಸೋ ಉಪಾಯ.

ಒಂದೇ ಒಂದು ಅನುಮಾನ ಸರ್. ಆ ಬಾತ್‌ರೂಮಲ್ಲಿ ಶವರ್ ಬೇರೆಯಾಗಿ ಇಲ್ಲ, ಹಳೇ ಕಾಲದ ಕಾಲಿರೋ ಟಬ್ ಮಾತ್ರ. ಅದರೊಳಗೆ ನಿಂತೇ ಸ್ನಾನ ಮಾಡಬೇಕು. ಫೋಟೊ ಕಳಿಸಿದ್ದಾರೆ, ಅಂಚು ತುಂಬಾ ಎತ್ತರ. ರೂಮ್ ಇರೋದು ಬಿಲಿಯರ್ಡ್ಸ್ ಹಾಲ್ ಪಕ್ಕ.

ಹಳೇಬಾಯ್ಲರ್:

ಟಬ್ ಹತ್ತಿಸಲೇಬೇಡಿ ಮೇಡಂ. ಮಂಡಿ ನೋವಿದ್ದವರು ಆ ಅಂಚು ದಾಟೋದು ಬಾಗಿಲ ಮೆಟ್ಟಿಲಿಗಿಂತ ಕಷ್ಟ, ಒಳಗೆ ಹಿಡಿಯೋಕೆ ಏನೂ ಇರಲ್ಲ. ಫೋಟೊದಲ್ಲಿ ಟಬ್ ಹೊರಗೆ ನೆಲದ ಮೇಲೆ ನೀರು ಹೋಗೋ ತೂತು ಇದೆಯಾ ನೋಡಿ. ಇದ್ದರೆ ಒಂದು ಪ್ಲಾಸ್ಟಿಕ್ ಸ್ಟೂಲ್, ದೊಡ್ಡ ಬಕೆಟ್, ಮಗ್ ಇಟ್ಟಿರಿ ಅಂತ ಈಗಲೇ ಬರೆದುಬಿಡಿ, ಟಬ್‌ನ ಕೊಳಾಯಿಯಿಂದಲೇ ಬಕೆಟ್ ತುಂಬಿಸಿಕೊಳ್ಳಬಹುದು. ತೂತು ಇಲ್ಲ ಅಂದರೆ ನಿಮ್ಮ ರೂಮ್ ಬಾತ್‌ರೂಮ್ ಹೇಗಿದೆ ಅಂತ ಕೇಳಿ, ಅಲ್ಲಿ ಶವರ್ ಇದ್ದರೆ ಅವರು ಅಲ್ಲಿ ಸ್ನಾನ ಮಾಡಲಿ.

ಬಿಲಿಯರ್ಡ್ಸ್ ಹಾಲ್ ರಾತ್ರಿ ಎಷ್ಟು ಗಂಟೆಗೆ ಮುಚ್ಚುತ್ತಾರೆ ಅಂತಲೂ ಅದೇ ಮೇಲ್‌ನಲ್ಲಿ ಕೇಳಿ.